ಒಂದನ್ನೂ ಹೊಡೆಯದ ಹುಡುಗಿ

ಗೋಕಾಕದ ನಮ್ಮ ಮನೆಯ ಹಿಂದೆ ಹಿಟ್ಟಿನ ಗಿರಣಿ ಇದೆ. ಬೆಳಗಿನ ಎಂಟಕ್ಕೆ ಅದರ ಪಟ್ಟಾ ಪಟಪಟ ಬಡಿಯತೊಡಗಿದರೆ ಓಣಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಪ್ಪ ಮನೆಯ ಮಹತ್ವದ ನಿರ್ಣಯಗಳನ್ನೆಲ್ಲ ಪ್ರಕಟಿಸುವುದು ಆ ಹೊತ್ತಿನಲ್ಲಿಯೇ. (ಎದುರುತ್ತರ ಕೊಡುವವರು ಕೊಡಲಿ, ಉಳಿದದ್ದನ್ನು ಗಿರಣಿ ನೋಡಿಕೊಳ್ಳುತ್ತದೆ.)

ದಸರೆಯ ಸೂಟಿ ಬಿದ್ದ ಮರುದಿನವೂ ಹಾಗೆಯೇ ಆಯಿತು.

"ತ್ರಿಶಲಾ, ಮೂಡಲಗಿಗೆ ಆಯಿ ಕಡೆ ಹೋಗಿ ಸೂಟಿ ಕಳಿ. ಐತವಾರ ಹುಕ್ಕೇರಿ ಮಂದಿ ಅಲ್ಲೇ ನಿನ್ನ ನೋಡಾಕ ಬರ್ತಾರ."

"ನನ್ನ ಪರೀಕ್ಷಾ, ಅಪ್ಪಾ?"

"ಹಾಂ?"

"ಬಿ.ಎ. ಪರೀಕ್ಷಾ! ಏಪ್ರಿಲ್‌ದಾಗ!"

"ದೀಪಾವಳಿ ಮುಗದ ಮ್ಯಾಲ ಲಗ್ನ ಅಂತಾರ ಅವರು," ಎಂದು ಅಪ್ಪ ಚಹದ ಬಟ್ಟಲು ಕೆಳಗಿಟ್ಟರು. ಸಭೆ ಮುಗಿಯಿತು.

ನನಗೆ ಇಪ್ಪತ್ತು ವರ್ಷ. ಕೊನೆಯ ವರ್ಷದ ಬಿ.ಎ. ಇನ್ನು ಆರು ಪೇಪರು ಬರೆದರೆ ಪದವಿ, ಪದವಿ ಸಿಕ್ಕರೆ ಧಾರವಾಡದಲ್ಲಿ ಎಂ.ಎ. ನಮ್ಮ ಮನೆತನದ ಯಾವ ಹೆಣ್ಣುಮಗಳೂ ಆ ಆರನೆಯ ಪೇಪರಿನವರೆಗೆ ತಲುಪಿರಲಿಲ್ಲ. ಅವ್ವ ಇದ್ದಿದ್ದರೆ ಗಿರಣಿಗಿಂತ ಜೋರಾಗಿ ಮಾತಾಡುತ್ತಿದ್ದಳೋ ಏನೋ. ಅವಳು ಹೋಗಿ ಆರು ವರ್ಷವಾಗಿತ್ತು.

ಆಯಿ ಎಂದರೆ ಅಪ್ಪನ ತಾಯಿ, ಕಮಲಾಬಾಯಿ. ಎಪ್ಪತ್ನಾಲ್ಕು ವರ್ಷದ ತೆಳ್ಳನೆಯ ಜೀವ. ಮೂಡಲಗಿಯ ಅಂಚಿನಲ್ಲಿ ಅವರ ಮನೆ. ಹಿತ್ತಲಿನ ಆಚೆ ಕಾಲುವೆ, ಕಾಲುವೆಯ ಆಚೆ ಕಬ್ಬು. ಸಂಜೆ ಕಬ್ಬಿನ ಗರಿಗಳ ಮೇಲೆ ಬಿಸಿಲು ಕರಗುವಾಗ ಕಾಲುವೆಯ ನೀರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೋಡುತ್ತ ನಿಂತರೆ ಎದೆ ತುಂಬಿ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಸೊಳ್ಳೆಗಳು ಏಳುತ್ತವೆ.

ನಮ್ಮ ಕಡೆ ಅವಕ್ಕೆ ಗುಂಗಾಡ ಎನ್ನುತ್ತಾರೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ನಾವು ಕೈ ತೊಳೆಯುತ್ತಿದ್ದಂತೆಯೇ ಅವು ಪಂಕ್ತಿ ಹಿಡಿಯುತ್ತವೆ.

ಮೊದಲ ಸಂಜೆ ನನಗೆ ಆ ಮನೆಯ ಕಾನೂನು ಮರೆತಿತ್ತು. ಕೆನ್ನೆಯ ಮೇಲೆ ಒಂದು ಕುಳಿತಿತು. ಫಟ್ ಎಂದು ಹೊಡೆದೆ. ಅಂಗೈಯಲ್ಲಿ ಒಂದು ಹನಿ ರಕ್ತ. (ನನ್ನದೇ.)

"ಅಯ್ಯ ನಮ್ಮವ್ವಾ!" ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಚಾತುರ್ಮಾಸದಾಗ ಜೀವಾ ತಗದ್ಯಲ್ಲ! ನಾಕ ಇಂದ್ರಿಯದ ಜೀವ ಅದು. ನಿನಗಿಂತ ಒಂದ ಕಡಿಮಿ, ಅಷ್ಟ. ಕಿವಿ ಇಲ್ಲ ಅದಕ್ಕ."

ಕಿವಿ ಇಲ್ಲದವರು ಗೋಕಾಕದಲ್ಲಿಯೂ ಇದ್ದಾರೆ ಎನ್ನಬೇಕೆಂದುಕೊಂಡೆ. ಪ್ರಾಯಶ್ಚಿತ್ತವೆಂದು ನೂರೆಂಟು ಸಲ ಣಮೋಕಾರ ಜಪಿಸಬೇಕಾಯಿತು. ಜಪ ಮುಗಿಯುವುದರೊಳಗೆ ಮೃತನ ಬಂಧುಬಳಗದವರು ಹನ್ನೊಂದು ಕಡೆ ಕಚ್ಚಿದ್ದರು.

ಆ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಅದರಿಂದ ಜೀವ ಹೋಗುತ್ತದೆ. ಬೇವಿನ ಸೊಪ್ಪಿನ ಹೊಗೆ ಹಾಕುವಂತಿಲ್ಲ, ಬೆಂಕಿಗೆ ಹುಳ ಬೀಳುತ್ತವೆ. ಇರುವ ಏಕೈಕ ಅಸ್ತ್ರವೆಂದರೆ ಆಯಿಯ ಸೀರೆಯ ಸೆರಗು. ಅದನ್ನು ಮೆಲ್ಲಗೆ ಬೀಸುತ್ತ, "ಹೋಗವಾ, ಬ್ಯಾರೆ ಕಡೆ ಹೋಗು," ಎಂದು ಬಿನ್ನವಿಸುವುದು. ಅವು ಹೋಗುತ್ತಿದ್ದವು, ಆಯಿಯ ಮೈಯಿಂದ ನನ್ನ ಮೈಗೆ.

ಬೆಳಗ್ಗೆ ನನ್ನ ಕೈಕಾಲು ನೋಡಿ ಪಕ್ಕದ ಮನೆಯ ಶೆಟ್ಟೆವ್ವ ಹಿತ್ತಲ ಗೋಡೆಯ ಮೇಲಿಂದ ಉಳ್ಳಾಗಡ್ಡಿ ಹಿಡಿದು ತಲೆ ಎತ್ತಿದಳು.

"ಇದನ್ನ ಕೊಯ್ದು ತಿಕ್ಕು. ಗಳಿಗ್ಯಾಗ ತುರಿಕಿ ನಿಂದರ್ತೈತಿ."

"ಶೆಟ್ಟೆವ್ವಾ, ಗ್ವಾಡಿ ಆಚೀಗೇ ಹಿಡಿ ಅದನ್ನ," ಎಂದರು ಆಯಿ. "ನಮ್ಮ ಮನ್ಯಾಗ ಗಡ್ಡಿ ನಡ್ಯಾಂಗಿಲ್ಲ."

"ತಿನ್ನಾಕಲ್ರಿ ಆಯಿ, ಹಚ್ಚಾಕ!"

"ವಾಸನಿ ಒಳಗ ಹೋದ್ರ ತಿಂದಂಗ ಅಲ್ಲೇನು?"

"ಹಂಗಾರ ಬಳ್ಳೊಳ್ಳಿ?"

"ಅದು ಇದರ ತಮ್ಮ."

"ಜೇನತುಪ್ಪ ಹಚ್ಚರಿ ಮತ್ತ."

ಆಯಿ ಎರಡೂ ಕಿವಿ ಮುಚ್ಚಿಕೊಂಡರು. ಜೇನಹುಳದ ಕಷ್ಟ ನೆನೆದೇ ಅವರ ಕಣ್ಣು ಒದ್ದೆಯಾದವು.

"ಎವ್ವಾ, ಹುಡುಗಿಗೆ ವರಾ ನೋಡೂದು ಹಗರ ಐತಿ. ನಿಮ್ಮ ಮನಿಗೆ ಔಷಧಾ ನೋಡೂದು ಭಾಳ ಕಷ್ಟ," ಎಂದು ಶೆಟ್ಟೆವ್ವ ಇಳಿದುಹೋದಳು.

ಕೊನೆಗೆ ಆಯಿಯ ಶಾಸ್ತ್ರ ಒಪ್ಪಿದ್ದು ಲೋಳಸರ ಮತ್ತು ತಿನ್ನುವ ಸೋಡಾ. ಲೋಳಸರದ ಎಲೆ ಸೀಳಿ, ಒಳಗಿನ ತಿಳಿ ಲೋಳೆಯಲ್ಲಿ ಚಿಟಿಕೆ ಸೋಡಾ ಕಲಸಿ, ಒಂದೊಂದೇ ದದ್ದಿನ ಮೇಲೆ ಬೆರಳ ತುದಿಯಿಂದ ಹಚ್ಚುತ್ತಿದ್ದರು. ತಣ್ಣನೆಯ ಆ ಬೆರಳು ಬಿದ್ದಲ್ಲಿ ಉರಿ ತಗ್ಗಿ, ಮೈ ಮತ್ತೆ ನನ್ನದಾಗುತ್ತಿತ್ತು. ಅವ್ವ ಹೋದ ಮೇಲೆ ಅಷ್ಟು ಸಾವಕಾಶವಾಗಿ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಸೊಳ್ಳೆ ಪರದೆ, ಆಯಿಯದು. ಅದನ್ನು ಬಿಚ್ಚಿ ತಂದು ನನ್ನ ಮಂಚಕ್ಕೆ ಕಟ್ಟಿದರು. "ನನ್ನ ಮುದಕಿ ಮಾರಿ ಯಾರ ನೋಡಾಕ ಬರ್ತಾರ? ಐತವಾರ ತನಕ ನೀ ಮಕ್ಕೋ ಇದರಾಗ."

ಗುರುವಾರ ಶೆಟ್ಟೆವ್ವ ಮತ್ತೆ ಇಣುಕಿದಳು. "ಕೈಕಾಲಿಗೆ ಸೀರಿ ಮುಚ್ಚಬಹುದವಾ. ಮಾರಿ ಮ್ಯಾಲ ಹಿಂಗ ಎದ್ದಿದ್ದರ ಹುಕ್ಕೇರಿಯವರು ನೀರೂ ಕುಡಿಲಾರದ ಎದ್ದು ಹೋಗ್ತಿದ್ದರು."

ಅವಳು ಎಚ್ಚರಿಕೆಯೆಂದು ಹೇಳಿದಳು. ನನಗೆ ಅದು ಜ್ಞಾನೋದಯವಾಯಿತು.

ಅಪ್ಪನೊಡನೆ ವಾದಿಸಿ ಗೆಲ್ಲುವ ಶಕ್ತಿ ನನ್ನಲ್ಲಿರಲಿಲ್ಲ. ಆದರೆ ಹಿತ್ತಲಿನಲ್ಲಿ ಒಂದು ಇಡೀ ಸೈನ್ಯ ಪಗಾರವಿಲ್ಲದೆ ದುಡಿಯಲು ಸಿದ್ಧವಾಗಿತ್ತು. ಹುಕ್ಕೇರಿಯವರು ಒಮ್ಮೆ ಎದ್ದು ಹೋದರೆ ಸಾಕು. ಇನ್ನೊಂದು ಮನೆ ಹುಡುಕುವಷ್ಟರಲ್ಲಿ ಏಪ್ರಿಲ್ ಬರುತ್ತದೆ, ಆರು ಪೇಪರು ಮುಗಿಯುತ್ತವೆ.

ಶುಕ್ರವಾರ ಸಂಜೆ ಊಟ ಮುಗಿಸಿ, ಕಾಲುವೆಯ ಕಡೆಯ ಕಟ್ಟೆಯ ಮೇಲೆ ಹೋಗಿ ಕುಳಿತೆ. ತಲೆಗೂದಲು ಹಿಂದಕ್ಕೆ ಬಿಗಿದು ಕಟ್ಟಿ ಹಣೆ, ಕೆನ್ನೆ, ಗದ್ದ ಎಲ್ಲವನ್ನೂ ಅತಿಥಿಗಳಿಗೆ ಬಿಟ್ಟುಕೊಟ್ಟೆ. ಕೈ ತಾನಾಗಿಯೇ ಏಳದಿರಲೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮೊದಲನೆಯದು ಹುಬ್ಬಿನ ಮೇಲೆ ಇಳಿಯಿತು. ಆಮೇಲೆ ಲೆಕ್ಕ ತಪ್ಪಿತು. ನೀರಿನ ಮೇಲೆ ಕತ್ತಲೆ ಹರಡುವುದನ್ನು ನೋಡುತ್ತ, ಹಲ್ಲು ಕಚ್ಚಿ, ಇಂಗ್ಲಿಷ್ ಪೇಪರಿನ ಪದ್ಯಗಳನ್ನು ಬಾಯೊಳಗೇ ಒಪ್ಪಿಸಿಕೊಂಡೆ. ಶನಿವಾರವೂ ಅದೇ. (ಪದ್ಯಗಳು ಇಂದಿಗೂ ಬಾಯಿಪಾಠ ಇವೆ. ಪಠಿಸಿದರೆ ಮೈ ತುರಿಸುತ್ತದೆ.)

ಐತವಾರ ಬೆಳಗ್ಗೆ ಕನ್ನಡಿಯಲ್ಲಿ ನನ್ನ ಗುರುತು ನನಗೇ ಸಿಗಲಿಲ್ಲ. ಎಡಗಣ್ಣು ಅರ್ಧ ಮುಚ್ಚಿತ್ತು. ಮೇಲ್ದುಟಿ ಉಬ್ಬಿ, ಯಾರ ಮೇಲೋ ಸಿಟ್ಟು ಬಂದವರಂತೆ ಕಾಣುತ್ತಿತ್ತು. ಕಾರ್ಯ ಸಿದ್ಧಿಸಿತ್ತು.

ಆಯಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಪರದೆಯನ್ನು ಬಿಚ್ಚಿ ಬಿಸಿಲಿಗೆ ಹಿಡಿದು, ಸೂಜಿ ದಾರ ಹಿಡಿದು ಕುಳಿತು, ಅದರಲ್ಲಿ ಇಲ್ಲದ ತೂತನ್ನು ಮಧ್ಯಾಹ್ನದವರೆಗೂ ಹುಡುಕಿದರು. "ಕಣ್ಣ ಕಾಣವಲ್ವು. ಎಲ್ಲೋ ಹರದೈತಿ. ಬರೇ ಸಂಜಿ ಮುಂದ ಕಡದ್ರ ಇಷ್ಟ ಬಾಯ್ತಿತ್ತೇನು? ನನ್ನಿಂದ ಆತು," ಎನ್ನುತ್ತಿದ್ದರು. ನಾನು ಅಡಿಗೆಮನೆಯಲ್ಲಿ ರವೆ ಹುರಿಯುತ್ತ ಅದನ್ನು ಕೇಳಿಸಿಕೊಂಡೆ. ಆ ದಿನದ ಶಿರಾಕ್ಕೆ ಸಕ್ಕರೆ ಹಾಕಿದೆನೋ ಉಪ್ಪು ಹಾಕಿದೆನೋ ನೆನಪಿಲ್ಲ.

ನಾಲ್ಕಕ್ಕೆ ಹುಕ್ಕೇರಿಯ ಜೀಪು ಬಂತು. ಆಬಾಸಾಹೇಬರು, ಅವರ ಹೆಂಡತಿ, ಮಗ ನಿತಿನ. ಗೋಕಾಕದಿಂದ ಅಪ್ಪನೂ ಬಂದು ಮುಟ್ಟಿದ್ದರು. ಮುಖಕ್ಕೆ ಸೋಡಾ ಬಳಿದುಕೊಂಡು, ಹಸಿರು ರೇಷ್ಮೆ ಸೀರೆಯಲ್ಲಿ ನಾನು ಪಡಸಾಲೆಗೆ ಬಂದಾಗ ಅಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಏನ್ರಿ ಇದು, ಸಿಡಬೇನು?" ಆಬಾಸಾಹೇಬರ ಹೆಂಡತಿ ಕುಳಿತಲ್ಲೇ ಹಿಂದೆ ಸರಿದರು. ನನ್ನ ಎದೆಯಲ್ಲಿ ಧಾರವಾಡದ ಬಸ್ಸು ಹೊರಟಿತು.

"ಅಲ್ರಿ ಬಾಯಿ, ಗುಂಗಾಡ," ಎಂದರು ಆಯಿ.

"ಇಷ್ಟ ಕಡಿಯೂತನಾ ಸುಮ್ನಿದ್ಲೇನು? ಹೊಡೀಲಿಲ್ಲ?"

"ಒಂದನೂ ಹೊಡೀಲಿಲ್ರಿ." ಆಯಿ ಮುಂದೆ ಸರಿದು ಕುಳಿತರು. "ಮೊದಲನೇ ದಿನ ತಪ್ಪಿ ಒಂದು ಹೊಡದ್ಲು, ಖರೆ. ನೂರೆಂಟ ಜಪಾ ಮಾಡಿದ್ಲು. ಆಮ್ಯಾಲ ಎರಡ ದಿನ ಕಟ್ಟಿ ಮ್ಯಾಲ ಕೈ ಕಟ್ಟಿಕೊಂಡು, ಬಾಯಾಗ ಏನೋ ಸ್ತೋತ್ರಾ ಅನ್ಕೋತ ಕುಂತಿದ್ಲು. ನಾ ಬಾಗಲಸಂದ್ಯಾಗಿಂದ ನೋಡೇನ್ರಿ. ಮುನಿಗಳು ಕುಂತಂಗ ಕುಂತಿದ್ಲು."

ಆಬಾಸಾಹೇಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೋಡ್ರಿ," ಅವರ ಹೆಂಡತಿ ಗಂಡನ ಕಡೆ ತಿರುಗಿದರು. "ಸಂಕೇಶ್ವರದಾಗ ನೋಡಿದ್ವಲ್ಲ, ಆ ಹುಡುಗಿ ನಮ್ಮ ಮುಂದನ ಫಟ್ ಅಂತ ಒಂದ ಹೊಡದ್ಲು. ಅದ ಕೈಲೆ ಅವಲಕ್ಕಿ ಕೊಡಾಕ ಬಂದ್ಲು! ಇದು ನೋಡ್ರಿ ಸಂಸ್ಕಾರ ಅಂದ್ರ."

"ನನ್ನ ಪರೀಕ್ಷಾ ಏಪ್ರಿಲ್‌ದಾಗ ಐತ್ರಿ," ಎಂದೆ. ಊದಿದ ತುಟಿಯಿಂದ ಬಂದರೂ ಮಾತು ಸ್ಪಷ್ಟವಾಗಿತ್ತು. ಗಿರಣಿಯೂ ಇರಲಿಲ್ಲ.

"ಇಂಥಾ ಹುಡುಗಿಗೆ ಇನ್ನ ಎದರ ಪರೀಕ್ಷಾ ಬೇಕವಾ?" ಎಂದು ಅವರು ನನ್ನ ಗದ್ದ ಹಿಡಿದರು. ಅಪ್ಪನ ಬಾಯಿ ಮುಚ್ಚಿ, ನಗುವಾಯಿತು.

ನಿತಿನ ನನ್ನನ್ನು ನೋಡಿದ್ದು ಕನಿಕರದಿಂದ. "ನಮ್ಮ ಮನಿ ಹಿಂದೂ ಗಟಾರ ಐತಿ," ಎಂದ ಮೆಲ್ಲಗೆ. "ಅವ್ವ ಬತ್ತಿ ಹಚ್ಚಗೊಡಾಂಗಿಲ್ಲ." ಅಂಗಿಯ ತೋಳಿನೊಳಗೆ ಬೆರಳು ತೂರಿಸಿ ತುರಿಸಿಕೊಂಡ.

ಅದೇ ಗಳಿಗೆಯಲ್ಲಿ ನನ್ನ ಮುಂಗೈ ಮೇಲೆ ಒಂದು ಬಂದು ಕುಳಿತಿತು. ಇನ್ನೂ ದಾರಿ ಇತ್ತು. ಎಲ್ಲರೂ ನೋಡುವಂತೆ ಒಂದೇ ಒಂದು ಏಟು, ಹುಕ್ಕೇರಿಯ ಜೀಪು ಹುಕ್ಕೇರಿಗೆ. ಬಲಗೈ ಎತ್ತಿದೆ. ಎತ್ತಿದ ಕೈಯ ಆಚೆ ಆಯಿ ಕಂಡರು. ಸೆರಗು ಜಾರಿದ ಅವರ ತೋಳಿನ ತುಂಬ, ಕುತ್ತಿಗೆಯ ತುಂಬ, ನನಗಿಂತ ಒತ್ತೊತ್ತಾಗಿ ಕೆಂಪು ದದ್ದುಗಳು. ನಾಲ್ಕು ರಾತ್ರಿ ಪರದೆ ಇಲ್ಲದೆ ಮಲಗಿದ ಮೈ. ಸೋಡಾ ಎಲ್ಲ ನನಗೇ ಮುಗಿದಿತ್ತು. ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಹೆಮ್ಮೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು.

ಕೈ ಇಳಿಯಿತು. ಸೊಳ್ಳೆ ಹೊಟ್ಟೆ ತುಂಬ ಕುಡಿದು, ಭಾರವಾಗಿ ಹಾರಿಹೋಯಿತು.

"ನೋಡಿದ್ರಿಲ್ಲೋ!" ಎಂದರು ಆಬಾಸಾಹೇಬರ ಹೆಂಡತಿ. ಅವರ ಕಣ್ಣಲ್ಲಿ ನೀರು. "ಕಮಲಾಬಾಯಾರ, ಸಕ್ಕರಿ ತರ್ರಿ. ಇವತ್ತ ಉಡಿ ತುಂಬಿ ಗಟ್ಟಿ ಮಾಡೂಣು."

ಆಯಿ ಸಕ್ಕರೆ ಡಬ್ಬಿಗೆ ಎದ್ದರು. ನಾನೂ ಎದ್ದೆ.

"ನೀ ಎಲ್ಲಿ ಹೊಂಟಿ?" ಎಂದರು ಅಪ್ಪ.

ತುರಿಸಿಕೊಳ್ಳಲು ಎಂದು ಹೇಳುವುದು ಕನ್ಯೆಗೆ ಶೋಭಿಸುವುದಿಲ್ಲ. "ಕೈ ತೊಳಕೊಂಡ ಬರ್ತೇನಿ," ಎಂದೆ. ಹಿತ್ತಲ ಬಾಗಿಲು ದಾಟಿದೆ, ನೀರಿನ ತೊಟ್ಟಿಯನ್ನೂ ದಾಟಿದೆ. ಕಾಲುವೆಯ ಏರಿ ಹತ್ತಿದಾಗ ರೇಷ್ಮೆ ಸೀರೆಯ ಅಂಚು ಕೆಸರಾಯಿತು. ನನ್ನ ಕಾಲೇಜು, ಪುಸ್ತಕ ಇರುವ ಗೋಕಾಕದ ಬಸ್ಸು ನಿಲ್ಲುವ ರಸ್ತೆ ಅಲ್ಲಿಂದ ಎರಡು ಫರ್ಲಾಂಗು, ಐದರ ಬಸ್ಸಿಗೆ ಇನ್ನೂ ಹತ್ತು ನಿಮಿಷ, ಹಿಂದಿನಿಂದ ಯಾರೋ ಕರೆದಂತೆ ಆಯಿತು, ಆಯಿಯೇ ಇರಬೇಕು, ತಿರುಗಿ ನೋಡಿದರೆ ನಿಲ್ಲುತ್ತೇನೆಂದು ನನಗೆ ಗೊತ್ತಿದ್ದುದರಿಂದ, ನೆರಿಗೆ ಎತ್ತಿ ಹಿಡಿದು, ಮುಂದೆ ನೋಡುತ್ತ, ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದೆ.