ರೋಬೋಟ್ ಅಳೆದ ಪಡಸಾಲೆ

ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವನಿಗೆ ನಿವೃತ್ತಿಯಾದರೂ ಅದರ ಚಾಳಿ ಬಿಡುವುದಿಲ್ಲ. ನಾನು ಸರ್ವೇಯರ್ ಆಗಿದ್ದವನು. ಔರಾದ ಕಡೆಯ ಎಷ್ಟೋ ಹೊಲಗಳ ಬಾಂದುಕಲ್ಲುಗಳು ನಾನು ತೋರಿಸಿದ ಜಾಗದಲ್ಲೇ ನಿಂತಿವೆ. ಮದುವೆ ಊಟಕ್ಕೆ ಹೋದರೂ ಪೆಂಡಾಲಿನ ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸಿ ಬರುತ್ತೇನೆ. ನೌಬಾದದ ನಮ್ಮ ಮನೆಯ ಪಾಯಕ್ಕೆ ದಾರ ಹಿಡಿದವನೂ ನಾನೇ. ಮೇಸ್ತ್ರಿ ಪಾಪ, "ಸಾಹೇಬ್ರ, ಒಮ್ಮೆ ಮೂಲಿ ಸರಿ ಅದನೋ ಇಲ್ಲೋ ನೋಡ್ತೇನ್ರಿ" ಅಂದ. "ನನಗ ಕಲಸ್ತಿಯೇನು?" ಎಂದು ಗದರಿಸಿ ಕೂರಿಸಿದ್ದೆ.

ಆ ಮನೆಯ ಪಡಸಾಲೆಯಲ್ಲಿ ಜಮಖಾನ ಮಾತ್ರ ಎಂದೂ ನೆಟ್ಟಗೆ ಕೂರಲಿಲ್ಲ. ಈ ಗೋಡೆಗೆ ಸರಿಮಾಡಿದರೆ ಆ ಗೋಡೆಯ ಕಡೆ ಸೊಟ್ಟ. "ಗ್ವಾಡಿನೇ ಸೊಟ್ಟ ಅದ ನೋಡ್ರಿ" ಎನ್ನುವಳು ಹೆಂಡತಿ ಮಹಾನಂದಾ. ನೇಯ್ದವನ ತಪ್ಪೆಂದು ನಾನು ಭಾಲ್ಕಿಯ ಅಂಗಡಿಗೆ ಎರಡು ಸಲ ಜಮಖಾನ ಹೊತ್ತುಕೊಂಡು ಹೋಗಿ, ಜಗಳಾಡಿ ಬದಲಿಸಿ ತಂದೆ.

ಮೊನ್ನೆ ಮಗಳು ಕಸ ಗುಡಿಸುವ ರೋಬೋಟ್ ತಂದುಕೊಟ್ಟಳು. ರೊಟ್ಟಿ ಡಬ್ಬಿಯಂಥ ಗುಂಡನೆಯ ಯಂತ್ರ. ಅದರ ನೆತ್ತಿಯ ಮೇಲೊಂದು ಬುರುಡೆ ಗರಗರ ತಿರುಗುತ್ತ ಕಣ್ಣಿಗೆ ಕಾಣದ ಬೆಳಕು ಬಿಡುತ್ತದಂತೆ. ಆ ಬೆಳಕು ಗೋಡೆಗೆ ತಾಗಿ ವಾಪಸು ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದಂತೆ. ನನಗೆ ಮೈ ಜುಮ್ಮೆಂದಿತು. ಕಸ ಹಾಳಾಗಲಿ, ಮನೆಗೆ ನನ್ನ ಕಸುಬಿನವನೊಬ್ಬ ಬಂದಿದ್ದ! ಅದು ಗೋಡೆಗುಂಟ ಹೊರಟರೆ ನಾನೂ ಅದರ ಹಿಂದೆ. ಮೂಲೆ ಬಂದರೆ ನಿಲ್ಲುವುದು, ತುಸು ತಿರುಗಿ ನೋಡುವುದು, ಮತ್ತೆ ಮುಂದೆ ಸಾಗುವುದು. ಹೊಲದಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಮಂಚದ ಕಾಲು, ನೀರಿನ ಕೊಡ, ಕಡೆಗೆ ಕಾಲು ಚಾಚಿ ಕೂತ ಮಹಾನಂದಾಳ ಪಾದ ಕೂಡ ಮಗಳ ಮೊಬೈಲಿನ ನಕ್ಷೆಯಲ್ಲಿ ಚುಕ್ಕೆಯಾಗಿ ಮೂಡಿದವು. "ಸರಪಳಿ ಇಲ್ಲ, ಆಳಿಲ್ಲ, ನನ್ನ ಕಸುಬಿನವನ ಸರ್ವೇ ಹ್ಯಾಂಗ ನಡದದ ನೋಡು" ಎಂದು ಕುಣಿದಾಡಿದೆ.

ನಕ್ಷೆ ಪೂರ್ತಿಯಾಯಿತು. ಅದರಲ್ಲಿ ನಮ್ಮ ಪಡಸಾಲೆಯ ಒಂದು ಗೋಡೆಯ ತುದಿ ಒಳಕ್ಕೆ ಸರಿದಿತ್ತು.

"ಇದಕ್ಕ ಸರ್ವೇ ಗೊತ್ತಿಲ್ಲ" ಎಂದೆ.

"ಈಗರೆ ನಿಮ್ಮ ಕಸುಬಿನವ ಅಂದ್ರಿ" ಎಂದು ಮಹಾನಂದಾ ನನ್ನ ಹಳೆಯ ಟೇಪನ್ನೇ ತಂದು ಕೈಗಿಟ್ಟಳು. ಅಳೆದೆ. ಬಾಗಿಲ ಕಡೆ ಹನ್ನೆರಡು ಅಡಿ, ಕಿಟಕಿ ಕಡೆ ಹನ್ನೊಂದೂವರೆ. ಟೇಪನ್ನು ತಿರುವಿ ಹಿಡಿದು ಅಳೆದರೂ ಅಷ್ಟೇ. ನಿಜ ಹೇಳುತ್ತೇನೆ, ಬಹಳ ನಾಚಿಕೆಯಾಯಿತು.

ಮಹಾನಂದಾ ನಗಲಿಲ್ಲ. ಜಮಖಾನದ ಅಂಚು ಸರಿಪಡಿಸುತ್ತ ಮೆಲ್ಲಗೆ ಕೇಳಿದಳು: "ಅಲ್ರಿ, ಔರಾದದಾಗ ಅಷ್ಟು ಮಂದಿ ಹೊಲಾ ಅಳದದ್ದೂ ಇದೇ ಕೈಲಿಂದನೇ ಹೌದಿಲ್ರಿ?"

ಈ ರೋಬೋಟಿಗೆ ಹೊಸ್ತಿಲು ದಾಟಲು ಬರುವುದಿಲ್ಲವೆಂದು ಮಗಳಿಗೆ ಬೇಸರ. ನನಗಂತೂ ಈಗ ಅದೊಂದೇ ಸಮಾಧಾನ.