ಮುಗಿಸಿದವರ ಪಟ್ಟಿಯಿಂದ ನನ್ನ ಹೆಸರು ತೆಗೆಯುವ ಬಗ್ಗೆ

ದಿನಾಂಕ: 03-02-2026

ಇಂದ,
ಅಂಜನಮೂರ್ತಿ ಬಿನ್ ಕರಿಸಿದ್ದಪ್ಪ,
ಲೇತ್ ಆಪರೇಟರ್, ಹಿರೇಹಳ್ಳಿ ಕೈಗಾರಿಕಾ ಪ್ರದೇಶ,
ವಿದ್ಯಾರ್ಹತೆ: ಎಂಟನೇ ತರಗತಿ ಪೂರ್ತಿ, ಒಂಬತ್ತು ಅರ್ಧ,
ಸ್ಪರ್ಧಿ ಸಂಖ್ಯೆ 212,
ವಾಸ: ಉಪ್ಪಾರಹಳ್ಳಿ, ತುಮಕೂರು.

ಗೆ,
ಶ್ರೀ ಮಲ್ಲಿಕಾರ್ಜುನ್ ಅವರು,
ಮಾನ್ಯ ಅಧ್ಯಕ್ಷರು,
ತ್ರಿವಿಕ್ರಮ ದೀರ್ಘದೂರ ಟ್ರಯಥ್ಲಾನ್ ಸಮಿತಿ, ತುಮಕೂರು.

ವಿಷಯ: ಸ್ಪರ್ಧೆಯನ್ನು ಯಶಸ್ವಿಯಾಗಿ ಮುಗಿಸಿದವರ ಪಟ್ಟಿಯಿಂದ, ಸ್ಪರ್ಧೆಯನ್ನು ನಿಜವಾಗಿಯೂ ಮುಗಿಸಿರುವ ನನ್ನ ಹೆಸರನ್ನು ತೆಗೆದುಹಾಕುವ ಬಗ್ಗೆ.

ಉಲ್ಲೇಖ:
(1) 18-01-2026ರ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬಹುಮಾನ ವಿತರಣೆಯ ವೇದಿಕೆಯ ಮೇಲಿಂದ, ಸುಮಾರು ಮುನ್ನೂರು ಜನರ ಎದುರು ತಾವು ಮೈಕಿನಲ್ಲಿ ನನಗೆ ಹೇಳಿದ ಮಾತು: "ಏನಪ್ಪಾ ಇನ್ನೂರಹನ್ನೆರಡು, ಇದು ಟ್ರಯಥ್ಲಾನು, ನಿಮ್ಮೂರ ಬೀಗರೂಟ ಅಲ್ಲ. ಮುದ್ದೆ ತಿನ್ನೋಕ್ ಬಂದಿದ್ರೆ ಗುಬ್ಬೀಲೇ ಇಳ್ಕೋಬಹುದಿತ್ತಲ್ಲ, ಇಲ್ಲೀತನಕ ಯಾಕ್ ಓಡ್ಕೊಂಡ್ ಬಂದೆ? ನಾಕಕ್ಷರ ಓದಿದ್ರೆ ರೂಲ್ಸ್ ಬುಕ್ಕಾದ್ರೂ ಓದಿರ್ತಿದ್ದೆ."
(2) ಅದೇ ದಿನ ಬೆಳಿಗ್ಗೆ 9.57ಕ್ಕೆ ಮಾರ್ಷಲ್ ಶ್ರೀ ನಾಗೇಶ್ ಅವರು ಬರೆದ ನಿಯಮ ಉಲ್ಲಂಘನೆಯ ವರದಿ.
(3) 29-01-2026ರಂದು ಕೊರಿಯರ್ ಮೂಲಕ ಬಂದ ನನ್ನ ಪ್ರಮಾಣಪತ್ರ ಮತ್ತು ಅದರ ಹಿಂದೆ ಪಿನ್ ಹೊಡೆದಿದ್ದ ಟಿಪ್ಪಣಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ (1)ರ ಮಾತಿಗೆ ಮೈದಾನದಲ್ಲಿದ್ದವರೆಲ್ಲ ನಕ್ಕರು. ನಗದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಸೌಂಡ್ ಸಿಸ್ಟಂನವನು, ಅವನು ಊಟಕ್ಕೆ ಹೋಗಿದ್ದ. ತಮ್ಮ ಮಾತು ಅಷ್ಟು ಚೆನ್ನಾಗಿದ್ದ ಕಾರಣ, ಅದರ ಪೂರ್ವಾಪರವೂ ಕಡತದಲ್ಲಿ ಇರಲಿ ಎಂಬ ಒಂದೇ ಉದ್ದೇಶದಿಂದ ಕೆಳಕಂಡ ಅಂಶಗಳನ್ನು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳುವುದು. ತಾವು ಓದಿದವರು.

1. ಗೊತ್ತಿಲ್ಲದವರ ಕೈಗೆ ಈ ಅರ್ಜಿ ಸಿಕ್ಕರೆ ತಿಳಿಯಲಿ: ಟ್ರಯಥ್ಲಾನ್ ಎಂದರೆ ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ತುಳಿಯಬೇಕು, ಸೈಕಲ್ ಇಳಿದು ಓಡಬೇಕು. ನಡುವೆ ಯಾಕೆ ಎಂದು ಕೇಳಿಕೊಳ್ಳಬಾರದು. ನಮ್ಮದು ಕುಣಿಗಲ್ ಕೆರೆಯಲ್ಲಿ ಸಾವಿರದ ಒಂಬೈನೂರು ಮೀಟರ್ ಈಜು. ಅಲ್ಲಿಂದ ತುಮಕೂರಿನ ಮೇಲೆ ಗುಬ್ಬಿ ದಾಟಿ ಹೋಗಿ, ತಿರುಗಿ ತುಮಕೂರಿಗೆ ತೊಂಬತ್ತು ಕಿಲೋಮೀಟರ್ ಸೈಕಲ್. ಕೋರದ ಕಡೆಗೆ ಹೋಗಿ ಬರುವಂತೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಒಟ್ಟು ನೂರಹದಿಮೂರು. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ನಾನು ಎಂಟು ಗಂಟೆ ಒಂಬತ್ತು ನಿಮಿಷದಲ್ಲಿ ಮುಗಿಸಿದೆ. ತಮ್ಮ ಗಡಿಯಾರವೇ ಹೇಳಿದ್ದು.

2. ಯಾಕೆ ಬಂದೆ ಎಂದು ತಾವು ಮೈಕಿನಲ್ಲಿ ಕೇಳಿದ್ದೀರಿ, ಆ ಕಾರಣ ಉತ್ತರಿಸುತ್ತೇನೆ. ನನ್ನ ಹೆಸರು ಅಚ್ಚಾಗಿರುವ ಕಾಗದ ನನ್ನ ಹತ್ತಿರ ಮೂರಿವೆ: ಆಧಾರ್, ಡಿ.ಎಲ್., ಶಾಲೆಯ ಟಿ.ಸಿ. ಮೊದಲ ಎರಡು ನಾನು ಇದ್ದೇನೆ ಎನ್ನುತ್ತವೆ. ಮೂರನೆಯದು ನಾನು ಇನ್ನು ಬರುವುದಿಲ್ಲ ಎನ್ನುತ್ತದೆ. ನಾನು ಒಂದನ್ನು ಹಿಡಿದು ಮುಗಿಸಿದ್ದೇನೆ ಎನ್ನುವ ಕಾಗದ ಒಂದೂ ಇಲ್ಲ. ಆದ್ದರಿಂದ ಬಂದೆ. ಬೇರೆ ಘನ ಉದ್ದೇಶ, ಫಿಟ್ ಇಂಡಿಯಾ ಇತ್ಯಾದಿ ಇರಲಿಲ್ಲ.

3. ತರಬೇತಿಯ ವಿವರ. ಸೈಕಲ್: ಪ್ರತಿದಿನ ಉಪ್ಪಾರಹಳ್ಳಿಯಿಂದ ಹಿರೇಹಳ್ಳಿಗೆ ಕೆಲಸಕ್ಕೆ, ಹಿರೇಹಳ್ಳಿಯಿಂದ ಉಪ್ಪಾರಹಳ್ಳಿಗೆ ಮಲಗುವುದಕ್ಕೆ. ಸೆಕೆಂಡ್ ಹ್ಯಾಂಡ್ ಗಾಡಿ. ಸವೆದ ಪೆಡಲಿನ ಪಿನ್ನು ನಾನೇ ಲೇತಿನಲ್ಲಿ ತಿರುವಿ ಹಾಕಿದ್ದು. ಓಟ: ಶಿಫ್ಟಿಗೆ ತಡವಾದಾಗ. ಈಜು: ಗುಬ್ಬಿಯ ಹತ್ತಿರ ನಮ್ಮ ಅಜ್ಜಿಯ ತೋಟದ ಬಾವಿ.

4. ಅಜ್ಜಿ ಎಂದರೆ ಶ್ರೀಮತಿ ಹನುಮಂತಮ್ಮ ಕೋಂ ಲೇಟ್ ಚಿಕ್ಕಬೋರಯ್ಯ, ನನ್ನ ತಾಯಿಯ ತಾಯಿ. ಏಳನೇ ವಯಸ್ಸಿನಿಂದ ನನ್ನನ್ನು ಸಾಕಿದವರು. ಬಾವಿ ಗುಂಡಗಿದೆ. ಗೋಡೆಯ ಪಕ್ಕದಲ್ಲೇ ನೂರು ಸುತ್ತು ಹಾಕಿದರೆ ತಮ್ಮ ಕೆರೆಯ ದೂರ ಆಗುತ್ತದೆ. ನನಗೆ ಈಜುತ್ತಾ ಎಣಿಸಲು ಆಗದ ಕಾರಣ ಅಜ್ಜಿ ದಡದಲ್ಲಿ ಕೂತು ಸುತ್ತಿಗೊಂದು ಹುಣಸೆ ಬೀಜ ಮಗ್ಗುಲಿಗೆ ಹಾಕುತ್ತಿದ್ದರು. ಆರು ತಿಂಗಳು ಪ್ರತಿ ಭಾನುವಾರ. "ಎಷ್ಟಾಯ್ತಜ್ಜಿ?" ಎಂದರೆ "ಬಾಯ್ಮುಚ್ಕಂಡ್ ಈಜ್ಲಾ, ನೀರ್ ಕುಡೀತೀಯ" ಎನ್ನುತ್ತಿದ್ದರು. ತಮ್ಮ ಕ್ಲಬ್ಬಿನವರು ಬೆಂಗಳೂರಿನಿಂದ ಕರೆಸುವ ಕೋಚ್ ಕೂಡ ಇದೇ ಅರ್ಥದ ಮಾತು ಹೇಳುತ್ತಾರಂತೆ.

5. ಗುಂಡು ಬಾವಿಯಲ್ಲಿ ಕಲಿತ ಕಾರಣ ಒಂದು ತೊಂದರೆ ಆಯಿತು. ಯಾವಾಗಲೂ ಎಡಕ್ಕೇ ತಿರುಗಿ ಈಜಿದ ಮೈ, ಕುಣಿಗಲ್ ಕೆರೆಗೆ ಬಿದ್ದಾಗಲೂ ಎಡಕ್ಕೇ ತಿರುಗಿತು. ಕೆರೆಗೆ ಗೋಡೆಯಿಲ್ಲ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಎಲ್ಲರೂ ಕಿತ್ತಳೆ ಬಣ್ಣದ ಬಲೂನಿನ ಕಡೆ ಹೋದರೆ ನಾನು ದೊಡ್ಡ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದೆ. ದೋಣಿಯಲ್ಲಿದ್ದವರು ಕೂಗಿದರು: "ಅಣ್ಣಾ, ಎಲ್ಲಿಗ್ ಹೋಗ್ತಿದೀಯಾ? ಬಲಕ್ ಬಾ, ಬಲಕ್ಕೆ." ಅಲ್ಲಿಂದ ಹತ್ತು ಸಲ ಕೈ ಬೀಸಿದರೆ ಒಂದು ಸಲ ತಲೆ ಎತ್ತಿ ನೋಡುವುದು, ಬಲಕ್ಕೆ ತಿದ್ದುವುದು. ಉಳಿದವರು ಈಜಿದ್ದಕ್ಕಿಂತ ಅರ್ಧ ಕಿಲೋಮೀಟರ್ ಜಾಸ್ತಿಯೇ ಈಜಿ ದಡ ಸೇರಿದೆ. ಈ ಹೆಚ್ಚುವರಿ ದೂರಕ್ಕೆ ಸಮಿತಿಯಿಂದ ಯಾವುದೇ ಪರಿಹಾರ ಕೋರುವುದಿಲ್ಲ.

6. ಇನ್ನು ಮುಖ್ಯ ಅಪರಾಧ. ಗುಬ್ಬಿಗೆ ನಾಲ್ಕು ಕಿಲೋಮೀಟರ್ ಇರುವಾಗ ಹೆದ್ದಾರಿಯಿಂದ ನಮ್ಮೂರಿಗೆ ತಿರುಗುವ ಗೇಟ್ ಬರುತ್ತದೆ. ಅಲ್ಲಿ ಅಜ್ಜಿ ಬೆಳಿಗ್ಗೆ ಏಳರಿಂದ ಪಕ್ಕದ ಮನೆಯ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪಾತ್ರೆಗಳಿಗೆ ಬಟ್ಟೆ ಮುಚ್ಚಿಕೊಂಡು ಕೂತಿದ್ದರು. ನಾನು ಕಂಡ ಕೂಡಲೇ ಎದ್ದು ರಸ್ತೆಗೆ ಬಂದರು.

"ನಿಲ್ಲುಸ್ಲಾ ಸೈಕಲ್ನ."

"ಅಜ್ಜಿ, ರೇಸ್ ನಡೀತೈತೆ. ನಿಲ್ಲುಸಂಗಿಲ್ಲ."

"ಊರ್ ಮುಂದಾಸಿ ಹೋಗ್ತಾ ಉಣ್ಣಂಗಿಲ್ಲ ಅಂತ ಯಾವನ್ಲಾ ಹೇಳ್ದೋನು?"

ಹೇಳಿದವರು ತಾವು. ನಿಯಮ 14(ಬಿ): ಸ್ಪರ್ಧಿಯು ಸಮಿತಿಯ ಕೇಂದ್ರಗಳನ್ನು ಬಿಟ್ಟು ಹೊರಗಿನವರಿಂದ, ಅದರಲ್ಲೂ ಸಂಬಂಧಿಕರಿಂದ, ಆಹಾರ ಪಡೆಯತಕ್ಕದ್ದಲ್ಲ. ನಾನು ಓದಿಲ್ಲ ಎಂದು ತಾವು ತಿಳಿದಿದ್ದೀರಿ. ನಲವತ್ತೆರಡು ಪುಟದ ಇಂಗ್ಲಿಷ್ ಪುಸ್ತಕವನ್ನು ಪುಟ ಪುಟ ಮೊಬೈಲಿನಲ್ಲಿ ಫೋಟೋ ಹೊಡೆದು, ಕನ್ನಡ ಮಾಡಿಸಿಕೊಂಡು ಓದಿದ್ದೇನೆ. ನಿಯಮ ಗೊತ್ತಿತ್ತು. ಗೊತ್ತಿದ್ದೇ ಇಳಿದೆ. ಎಂಬತ್ತರ ಹತ್ತಿರದ ಹೆಂಗಸು ಮೂರು ಗಂಟೆ ರಸ್ತೆ ಕಾದು ಕೂತಿರುವಾಗ ಗಂಟೆ ಬಾರಿಸಿಕೊಂಡು ಪಕ್ಕದಲ್ಲಿ ನುಗ್ಗಿ ಹೋಗುವ ವಿದ್ಯೆಯನ್ನು ಒಂಬತ್ತನೇ ತರಗತಿಯ ಉಳಿದರ್ಧದಲ್ಲಿ ಹೇಳಿಕೊಡುತ್ತಾರೋ ಏನೋ, ನಾನು ಅಷ್ಟರಲ್ಲಿ ಬಿಟ್ಟಿದ್ದೆ.

7. ಒಂದು ಮುದ್ದೆ, ಹುರುಳಿಕಾಳು ಸಾರು. ಹನ್ನೊಂದು ನಿಮಿಷ. ತಮ್ಮ ಕೇಂದ್ರಗಳಲ್ಲಿ ಪೊಟ್ಟಣದ ಬಾಯಿ ಕಿತ್ತು ಹಿಂಡಿಕೊಳ್ಳುವ, ಜೆಲ್ ಎಂಬ ಸ್ಟ್ರಾಬೆರಿ ಅಂಟನ್ನು ನಾಲ್ಕು ಕಡೆ ಕೊಟ್ಟಿರಿ, ತೆಗೆದುಕೊಂಡೆ. ಅದು ಪೋಷಣೆ. ಮುದ್ದೆ ಹೊರಗಿನ ನೆರವು. ಈ ವ್ಯತ್ಯಾಸವನ್ನು ನನ್ನ ಹೊಟ್ಟೆಗೂ ಒಂದು ಸುತ್ತೋಲೆ ಮೂಲಕ ತಿಳಿಸಬೇಕಾಗುತ್ತದೆ.

8. ಅಷ್ಟರಲ್ಲಿ ಮಾರ್ಷಲ್ ಶ್ರೀ ನಾಗೇಶ್ ಅವರು ಬೈಕಿನಲ್ಲಿ ಬಂದು ನಿಂತರು. ಅಜ್ಜಿ ಅವರನ್ನೂ ಕರೆದರು.

"ಬಾರಪ್ಪ, ಕೂತ್ಕ."

"ಬ್ಯಾಡಜ್ಜಿ, ಡ್ಯೂಟೀಲಿದೀನಿ."

"ಡ್ಯೂಟಿ ಎಲ್ಲೋಯ್ತದೆ. ಜೊತೇಲಿರೋನ್ನ ಬುಟ್ಟು ಒಬ್ನೇ ಉಂಡ್ರೆ ನಮ್ ಹುಡುಗ್ನಿಗೆ ಮೈಗ್ ಹತ್ತಕಿಲ್ಲ. ಕೂತ್ಕ."

ಶ್ರೀ ನಾಗೇಶ್ ಅವರು ಕೂತರು. ಎರಡು ಮುದ್ದೆ ಉಂಡರು. ಸಾರು ಇನ್ನೊಂದು ಸೌಟು ಹಾಕಿಸಿಕೊಂಡು, "ಯಾವ್ ಕಾಳಜ್ಜಿ ಇದು, ನಮ್ಮನೇಲಿ ಹಿಂಗಾಗಲ್ಲ" ಎಂದರು. ಅಜ್ಜಿ ಚೊಂಬಿನಲ್ಲಿ ನೀರು ಹಾಕಿದರು, ಶ್ರೀ ನಾಗೇಶ್ ಅವರು ಕೈ ತೊಳೆದರು, ಅದೇ ಕೈ ಒರೆಸಿಕೊಂಡು ಜೇಬಿನಿಂದ ಫಾರಂ ತೆಗೆದು ಉಲ್ಲೇಖ (2)ನ್ನು ಬರೆದರು. ವರದಿಯಲ್ಲಿ ಒಂದು ಮುದ್ದೆಯ ಲೆಕ್ಕ ಮಾತ್ರ ಇದೆ. ಉಳಿದ ಎರಡರ ಬಗ್ಗೆ ಸಮಿತಿ ವಿಚಾರಣೆ ನಡೆಸಬೇಕೆಂದು ನಾನು ಒತ್ತಾಯಿಸುವುದಿಲ್ಲ. ಉಣ್ಣಲಿ. ಉಣ್ಣಲೆಂದೇ ಇಕ್ಕಿದ್ದು.

9. ಆಮೇಲೆ ನಾನು ಗುಬ್ಬಿ ದಾಟಿ ಹೋಗಿ ಬಂದೆ, ತುಮಕೂರಿಗೆ ತುಳಿದೆ, ಮಟ ಮಟ ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿದೆ. ಹದಿನಾರನೇ ಕಿಲೋಮೀಟರಿನಲ್ಲಿ ಕಾಲು ನನ್ನದಲ್ಲ ಎನಿಸಿತು. ಬೇರೆ ಯಾರಾದರೂ ವಾರಸುದಾರರು ಬರುತ್ತಾರೇನೋ ಎಂದು ನೋಡಿದೆ, ಬರಲಿಲ್ಲ, ಆದ ಕಾರಣ ನಾನೇ ಎಳೆದುಕೊಂಡು ಬಂದೆ. ಗೆರೆ ದಾಟಿದಾಗ ಕೊರಳಿಗೆ ಪದಕ ಹಾಕಿದರು. ಸಂಜೆ ನಾಲ್ಕಕ್ಕೆ ತಾವು ಉಲ್ಲೇಖ (1)ನ್ನು ಹೇಳಿ ಆ ಪದಕವನ್ನು ವೇದಿಕೆಯಲ್ಲೇ ಬಿಚ್ಚಿಸಿಕೊಂಡಿರಿ.

10. ಇದು ಇಲ್ಲಿಗೆ ಮುಗಿದಿದ್ದರೆ ಅರ್ಜಿಯ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಗೇಟಿನಲ್ಲಿ ಅಜ್ಜಿ ನನಗೆ ಉಣ್ಣಿಸಿದ್ದನ್ನು ಪಕ್ಕದ ಮನೆಯವರು ವಿಡಿಯೊ ಮಾಡಿ ಬಿಟ್ಟಿದ್ದರು. ಎರಡು ದಿನದಲ್ಲಿ ಅದು ಅರ್ಧ ಜಿಲ್ಲೆಯ ಸ್ಟೇಟಸ್ಸಿಗೆ ಬಂತು. ಮುದ್ದೆ ತಿಂದವನನ್ನು ಯಾಕೆ ಹೊರಗೆ ಹಾಕಿದಿರಿ ಎಂದು ತಮಗೆ ಫೋನ್ ಮೇಲೆ ಫೋನ್. ಆದ್ದರಿಂದ 21ರ ಬುಧವಾರ ನನ್ನನ್ನು ಕಚೇರಿಗೆ ಕರೆಸಿದಿರಿ. ಈ ಸಲ ಮೈಕ್ ಇರಲಿಲ್ಲ, ಟೀ ಇತ್ತು.

"ಕೂತ್ಕೋಪ್ಪ ಅಂಜನಮೂರ್ತಿ. ನಿನ್ ಹೆಸ್ರು ಪಟ್ಟಿಗ್ ಬರ್ಬೇಕು ಅಂತ ನಮ್ಗೂ ಆಸೆ ಇಲ್ವಾ? 14(ಬಿ) ಅಡ್ಡ ಬರುತ್ತೆ ಅಷ್ಟೆ. 14(ಸಿ) ಇದೆ ನೋಡು, ಅಪರಿಚಿತರು ಅಡ್ಡಗಟ್ಟಿದರೆ ಸ್ಪರ್ಧಿ ಹೊಣೆ ಅಲ್ಲ ಅಂತ. ಆ ಮುದುಕಿ ಯಾರೋ ಗೊತ್ತಿಲ್ಲ, ರೋಡಿಗ್ ಅಡ್ಡ ಬಂದು ಬಲವಂತ ಮಾಡ್ತು ಅಂತ ಬರ್ಸಿದೀನಿ. ಒಂದ್ ಸೈನ್ ಹಾಕು, ಮುಗೀತು."

ಶ್ರೀ ನಾಗೇಶ್ ಅವರೂ ಅಲ್ಲೇ ಕೂತಿದ್ದರು. "ನಾಗೇಶಣ್ಣ, ಅವ್ರ್ಯಾರು ಅಂತ ನಿಮ್ಗ್ ಗೊತ್ತಲ್ವಾ?" ಎಂದೆ. ಅವರು ಮೊಬೈಲಿನಿಂದ ತಲೆ ಎತ್ತದೆ, "ರೋಡಲ್ ಸಾವ್ರ ಜನ ಇರ್ತಾರೆ ಕಣಪ್ಪ, ಯಾರ್ ಯಾರ್ಗೇನು ಅಂತ ನೋಡ್ಕಂಡ್ ಕೂರಕಾಯ್ತದಾ" ಎಂದರು.

ನಾನು ಸಹಿ ಹಾಕಲಿಲ್ಲ. ಎದ್ದೆ. ಅದನ್ನು ತಾವು ಏನೆಂದು ಬರೆದುಕೊಂಡಿರಿ ಎನ್ನುವುದು ಉಲ್ಲೇಖ (3) ಬಂದ ಮೇಲೆ ತಿಳಿಯಿತು.

11. ಪ್ರಮಾಣಪತ್ರ ಚೆನ್ನಾಗಿದೆ. ದಪ್ಪ ಕಾಗದ, ಅಂಚಿಗೆ ಚಿನ್ನದ ಬಣ್ಣ. ನನ್ನ ಹೆಸರು ತಪ್ಪಿಲ್ಲದೆ ಬಂದಿದೆ, 'ಪೂರ್ಣಗೊಳಿಸಿದ್ದಾರೆ' ಎಂದೂ ಇದೆ. ಹಿಂದಿನ ಟಿಪ್ಪಣಿಯಲ್ಲಿ "ಅಪರಿಚಿತ ವೃದ್ಧೆಯೊಬ್ಬರು ಅಡ್ಡಗಟ್ಟಿ ಬಲವಂತವಾಗಿ ಆಹಾರ ಸೇವಿಸುವಂತೆ ಮಾಡಿದ್ದು, ಸದರಿ ವಿವರಣೆಗೆ ಸ್ಪರ್ಧಿಯು ಮೌನವಾಗಿ ಸಮ್ಮತಿಸಿರುತ್ತಾರೆ (ನಡವಳಿ ಪುಟ 31)" ಎಂದಿದೆ.

ಭಾನುವಾರ ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಓದಲು ಬರುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರೆ ಅದರ ಮೇಲೆ ಕೈಯಾಡಿಸಿದರು.

"ಅಪರಿಚಿತ ಅಂದ್ರೆ ಏನ್ಲಾ?"

"ಗುರ್ತು ಇಲ್ದೋರು ಅಂತ."

ಕಾಗದವನ್ನು ಮಡಿಕೆ ಬೀಳದಂತೆ ನನ್ನ ಕೈಗೆ ವಾಪಸ್ ಕೊಟ್ಟರು. "ಬುಡು. ಕಾಗ್ದದಾಗೆ ತಾನೆ. ನಿನ್ ಹೆಸ್ರು ಬಂದೈತಲ್ಲ, ನಾನ್ ಯಾರಾದ್ರೆ ಏನು" ಎಂದರು.

ತಾವು ಮೈಕಿನಲ್ಲಿ ಹೇಳಿದ್ದು ನನಗೆ. ಅದನ್ನು ನಾನು ನುಂಗಿಕೊಳ್ಳುತ್ತೇನೆ, ಅಭ್ಯಾಸ ಇದೆ. ಆದರೆ ಆ ವಯಸ್ಸಿನಲ್ಲಿ ನನ್ನ ಅಜ್ಜಿ, ನನಗೆ ಒಂದು ಕಾಗದ ಸಿಗಲಿ ಎಂದು ನನಗೇ ಯಾರೂ ಅಲ್ಲದವರಾಗಲು ಒಪ್ಪಿಕೊಂಡುಬಿಟ್ಟರು. ಅವರಿಂದ ಹಾಗೆ ಹೇಳಿಸಿದ ಸಮಿತಿಗೆ ಕೊಡಲು ನನ್ನ ಹತ್ತಿರ ಸರ್ಕಾರಿ ಭಾಷೆಯ ಮಾತಿಲ್ಲ. ಇರುವ ಮಾತನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ನಿಯಮ 14(ಬಿ)ಯನ್ನು ನಾನು ತಿಳಿದೂ ತಿಳಿದೂ ಮುರಿದಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ನನಗೆ ಉಣ್ಣಿಸಿದವರು ನನ್ನ ಸ್ವಂತ ಅಜ್ಜಿ. ಕಾರಣ, ದಯಮಾಡಿ ನನ್ನ ಹೆಸರನ್ನು ಮುಗಿಸಿದವರ ಪಟ್ಟಿಯಿಂದ ತೆಗೆದು, ಅನರ್ಹರ ಪಟ್ಟಿಗೆ ಸೇರಿಸಿ, ಅನರ್ಹತೆಯ ಕಾರಣ ಎಂಬಲ್ಲಿ "ಅಜ್ಜಿ, ಹನುಮಂತಮ್ಮ" ಎಂದು ಪೂರ್ತಿ ಹೆಸರು ಬರೆದು, ಅದರ ಒಂದು ದೃಢೀಕೃತ ನಕಲನ್ನು ಕೊಡಿಸಬೇಕಾಗಿ ಪ್ರಾರ್ಥನೆ. ಆ ಕಾಗದ ತೆಳುವಾಗಿದ್ದರೂ ನಡೆಯುತ್ತದೆ.

ಇಂತಿ, ತಮ್ಮ ವಿಶ್ವಾಸದಿಂದ ದೂರ ಉಳಿಯಲು ಬಯಸುವ,
ಅಂಜನಮೂರ್ತಿ
(ಈ ಸಹಿ ನನ್ನದೇ. ಯಾರೂ ಬಲವಂತ ಮಾಡಿಲ್ಲ.)

ಅಡಕಗಳು:
1. ಪ್ರಮಾಣಪತ್ರ, ಮೂಲ ಪ್ರತಿ. ಐದು ದಿನ ನನ್ನ ಬಳಿ ಇತ್ತು. ಲ್ಯಾಮಿನೇಷನ್ ಅಂಗಡಿಯವರೆಗೆ ಹೋಗಿ ವಾಪಸ್ ಬಂದಿದೆ.
2. ಪಿನ್ ಹೊಡೆದಿದ್ದ ಟಿಪ್ಪಣಿ. ಪಿನ್ನೂ ಇದೆ.
3. ಹನುಮಂತಮ್ಮನವರ ರೇಷನ್ ಕಾರ್ಡಿನ ನಕಲು. ಎರಡನೇ ಸಾಲಿನಲ್ಲಿ ನನ್ನ ಹೆಸರು, ಸಂಬಂಧ ಎಂಬಲ್ಲಿ ಮೊಮ್ಮಗ.

ಕಡೆಯ ಕೋರಿಕೆ: ನಡವಳಿ ಪುಸ್ತಕದ ಪುಟ 31ರಲ್ಲಿ 'ಮೌನವಾಗಿ ಸಮ್ಮತಿಸಿರುತ್ತಾರೆ' ಎಂಬುದನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದಂತೆ ಹೀಗೆ ಬರೆದುಕೊಳ್ಳುವುದು: "ಅಧ್ಯಕ್ಷರು ಪೆನ್ನು ಕೊಟ್ಟರು. ಸ್ಪರ್ಧಿಯು ಅದನ್ನು ಮೇಜಿನ ಮೇಲಿಟ್ಟು ಎದ್ದರು. ಏನಂತೀಯಪ್ಪ ಎಂದು ಅಧ್ಯಕ್ಷರು ಹಿಂದಿನಿಂದ ಎರಡು ಸಲ ಕೇಳಿದರು. ಸ್ಪರ್ಧಿಯು, ತೊಡೆಗಳು ಇನ್ನೂ ಹಿಡಿದುಕೊಂಡಿದ್ದ ಕಾರಣ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿನಂತೆ ಎರಡು ಮಹಡಿ ಇಳಿದು, ಉತ್ತರ ಕೊಡದೆ ಹೊರಟುಹೋದರು."