ಹದಿನಾಲ್ಕು ಸೋಬಾನೆ, ಒಂದು ಫುಲ್ ಎರೇಸ್

ನನಗೆ ಮೋಸ ಮಾಡುವುದು ಸುಲಭವಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಕೆ.ಆರ್. ಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಸ್ಟೋರ್‌ಕೀಪರ್ ಆಗಿದ್ದವನ ಅನುಭವದಿಂದ ಹೇಳುತ್ತಿದ್ದೇನೆ. ಡಬ್ಬದ ಮೇಲೆ ನೂರು ಬೋಲ್ಟು ಎಂದು ಬರೆದಿದ್ದರೆ ಮೇಜಿನ ಮೇಲೆ ಸುರಿದು ಎಣಿಸಿಯೇ ಸಹಿ ಹಾಕುತ್ತಿದ್ದೆ. ಮನೆಯಲ್ಲೂ ಅಷ್ಟೆ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎಂದುಕೊಳ್ಳುತ್ತಿದ್ದೆ. ನಗದಿದ್ದರೆ, ಬೆರೆಸಿದ್ದು ಗೊತ್ತಾಗಬಾರದೆಂದು ಗಂಭೀರವಾಗಿದ್ದಾನೆ ಎಂದುಕೊಳ್ಳುತ್ತಿದ್ದೆ. ನನ್ನ ಹೆಂಡತಿ ಸರೋಜ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಎಚ್ಚರಿಕೆ ಎನ್ನುತ್ತೇನೆ.

ಇಂಥ ಎಚ್ಚರಿಕೆಯ ಮನುಷ್ಯನ ಮನೆಯಲ್ಲಿ, ಮಗಳ ಮದುವೆಗೆ ಇನ್ನು ಮೂರೇ ವಾರ ಇದೆ ಎನ್ನುವಾಗ ಈ ಅನಾಹುತ ನಡೆಯಿತು. ಕಂಪ್ಯೂಟರಿಗೆ ಸಿ.ಡಿ. ರೈಟರ್ ಹಾಕಿಸುವುದೇ ದೊಡ್ಡ ಸುದ್ದಿಯಾಗಿದ್ದ ಕಾಲ ಅದು. ಕಲ್ಯಾಣ ನಗರದ ನಮ್ಮ ಬೀದಿಯಲ್ಲಿ ಮೊದಲು ಹಾಕಿಸಿದವನು ನಾನು.

ಮೊದಲು ದೊಡ್ಡಮ್ಮನ ವಿಷಯ ಹೇಳಬೇಕು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಮುನಿಯಮ್ಮ. ಹೊರಮಾವಿನಲ್ಲಿ ರಾಗಿ ಹೊಲಗಳಿದ್ದ ಕಾಲದಿಂದ ಅಲ್ಲೇ ಇರುವಾಕೆ. ನಮ್ಮ ಕಡೆ ಮದುವೆ ಹೆಣ್ಣಿಗೆ ಅರಿಶಿನ ಹಚ್ಚುವಾಗ ಹೆಂಗಸರು ಸೋಬಾನೆ ಪದ ಹಾಡಲೇಬೇಕು. ಎಣ್ಣೆಗೊಂದು, ಅರಿಶಿನಕ್ಕೊಂದು, ನೀರಿಗೊಂದು, ಬಳೆಗೊಂದು, ಹೀಗೆ ಒಟ್ಟು ಹದಿನಾಲ್ಕು. ಎಲ್ಲವೂ ಬಾಯಿಪಾಠ ಬರುತ್ತಿದ್ದದ್ದು ದೊಡ್ಡಮ್ಮನಿಗೆ ಮಾತ್ರ. ನಮ್ಮ ಮನೆತನದಲ್ಲಿ ಆಕೆಯ ಪದ ಕೇಳದೆ ಅರಿಶಿನ ಹಚ್ಚಿಸಿಕೊಂಡ ಹೆಣ್ಣೇ ಇಲ್ಲ. ಹಿಂದಿನ ವರ್ಷ ಗಂಟಲಿನ ಆಪರೇಷನ್ ಆಗಿ ಆಕೆಯ ದನಿ ಪಿಸುಮಾತಿಗೆ ಇಳಿದಿತ್ತು. ಪುಣ್ಯಕ್ಕೆ ಅದಕ್ಕೆ ಮೊದಲೇ ಹದಿನಾಲ್ಕನ್ನೂ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆವು.

ಮಗಳು ರೇಖಾ ಇಂಥ ಒಡವೆ ಬೇಕು, ಇಂಥ ಸೀರೆ ಬೇಕು ಎಂದು ಹಟ ಮಾಡಿದವಳಲ್ಲ. “ಅರಿಶಿನದ ದಿನ ಅಜ್ಜಿ ಪದ ಕೇಳಿಸ್ಬೇಕಪ್ಪ, ಅಷ್ಟೇ” ಎಂದಿದ್ದಳು. ಆ ಒಂದು ಮಾತನ್ನು ನಡೆಸಿಕೊಡುವ ಹೊಣೆ ನನ್ನದು.

ಕ್ಯಾಸೆಟ್ಟು ಹಳೆಯದಾಗಿ ಆಗಾಗ ಸುತ್ತಿಕೊಳ್ಳುತ್ತಿತ್ತು. ಕಾಕ್ಸ್ ಟೌನಿನಲ್ಲಿ ಬೇಕರಿ ಪಕ್ಕದ ಒಂದು ಅಂಗಡಿಯಲ್ಲಿ ಅದನ್ನು ಸಿ.ಡಿ.ಗೆ ಇಳಿಸಿಕೊಡುತ್ತಾರೆಂದು ಕೇಳಿ, ನನ್ನದೇ ಒಂದು ಡಿಸ್ಕು ತೆಗೆದುಕೊಂಡು ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ನೋಡಿದ.

“ಸಾರ್, ಇದು ರೀರೈಟಬಲ್ಲು. ಯಾರ್ ಬೇಕಾದ್ರೂ ಅಳಿಸ್ಬಿಡ್ಬಹುದು. ಹಾಡಿಗೆ ಸಾದಾ ಡಿಸ್ಕ್ ಹಾಕ್ಸಿ ಸಾರ್, ಒಂದ್ಸಲ ಬರೆದ್ರೆ ಮುಗೀತು.”

ಈ ಮನುಷ್ಯನಿಗೆ ನನ್ನ ಹಾಡಿನ ಮೇಲೆ ಇಷ್ಟೇಕೆ ಕಾಳಜಿ? ಮಾರಾಟವಾಗದ ಸಾದಾ ಡಿಸ್ಕುಗಳನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂಬುದು ಸ್ಪಷ್ಟವಾಗಿತ್ತು. ಅಲ್ಲದೆ ಅವನು ತಪ್ಪಾಗಿ ಬರೆದುಬಿಟ್ಟರೆ ತಿದ್ದಿಸುವುದು ಹೇಗೆ? ಅಳಿಸುವಂಥದ್ದೇ ಇರಲಿ ಎಂದು ಹಟ ಹಿಡಿದೆ. ಅವನು ಹೆಗಲು ಕುಣಿಸಿ ಬರೆದುಕೊಟ್ಟ. ಬರೆದು ಮುಗಿದು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವಾಗ ಟೇಪು ತುಂಡು ತುಂಡಾಯಿತು. ಅಲ್ಲಿಗೆ ಇಡೀ ಭೂಮಿಯ ಮೇಲೆ ದೊಡ್ಡಮ್ಮನ ದನಿ ಉಳಿದದ್ದು ನನ್ನ ಅಂಗಿ ಜೇಬಿನಲ್ಲಿ ಮಾತ್ರ.

ಮುಂದೆ ಡಿಸ್ಕಿನ ಮೇಲೆ ಹೆಸರು ಬರೆಯುವ ಪ್ರಶ್ನೆ. ‘ಸೋಬಾನೆ’ ಎಂದು ಬರೆದರೆ ನೆಂಟರು ಬಿಟ್ಟಾರೆಯೇ? ಒಂದು ದಿನಕ್ಕೆಂದು ಕೇಳಿ ಒಯ್ಯುತ್ತಾರೆ, ಅದು ಊರೂರು ಸುತ್ತಿ ಯಾರದೋ ಮನೆಯ ಟೀವಿ ಕೆಳಗೆ ಸೇರುತ್ತದೆ. ಆದ್ದರಿಂದ ಸ್ಟೋರ್ಸಿನ ಪದ್ಧತಿಯನ್ನೇ ಅನುಸರಿಸಿದೆ. ನನ್ನ ಐದು ಡಿಸ್ಕುಗಳಿಗೂ ಬರೀ ನಂಬರು ಹಾಕಿದೆ. ಯಾವ ನಂಬರಿನಲ್ಲಿ ಏನಿದೆ ಎಂಬುದನ್ನು ಒಂದು ಪುಟ್ಟ ಡೈರಿಯಲ್ಲಿ ಬರೆದೆ. ಆ ಡೈರಿಯನ್ನು ಮನೆಯಲ್ಲೇ ಇಟ್ಟರೆ ಗುಟ್ಟು ಎಲ್ಲಿ ಉಳಿಯಿತು? ಕಾರ್ಖಾನೆಯ ನನ್ನ ಲಾಕರಿನಲ್ಲಿಟ್ಟು ಬೀಗ ಹಾಕಿದೆ. ಇಂಥ ಭದ್ರತೆ ಬ್ಯಾಂಕಿನಲ್ಲೂ ಇರಲಾರದು!

ಎರಡನೇ ಶನಿವಾರ ಬಂತು. ನನಗೆ ರಜೆ, ರೇಖಾಗೆ ಇಂದಿರಾನಗರದಲ್ಲಿ ಆಫೀಸು. ಅವಳು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಲಗ್ನಪತ್ರಿಕೆಯ ಡಿಸೈನನ್ನು ಶಿವಾಜಿನಗರದ ಪ್ರೆಸ್ಸಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಫ್ಲಾಪಿಯಲ್ಲಿ ಹಿಡಿಸಲಿಲ್ಲ, ಹಿಡಿಸಿದ್ದರೂ ಫ್ಲಾಪಿಯನ್ನು ನಾನು ನಂಬುವುದಿಲ್ಲ. ಒಂದು ಡಿಸ್ಕನ್ನು ಅಳಿಸಿ ಅದರಲ್ಲಿ ಹಾಕೋಣವೆಂದುಕೊಂಡೆ. ಮೂರನೇ ನಂಬರಿನಲ್ಲಿ ರೇಖಾಳ ಕಾಲೇಜಿನ ಹಳೆಯ ಪಾಠಗಳಿವೆ ಎಂದು ನನಗೆ ಚೆನ್ನಾಗಿ ನೆನಪಿತ್ತು.

ಮೂರನೇ ನಂಬರನ್ನು ಹಾಕಿ ಒಳಗೇನಿದೆ ಎಂದು ನೋಡಿದೆ. ಪಾಠಗಳಿರಲಿಲ್ಲ. ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದು ಹದಿನಾಲ್ಕರವರೆಗೆ ಫೈಲುಗಳು ಸಾಲಾಗಿ ಕೂತಿದ್ದವು. ಒಂದೊಂದೂ ಸರಿಯಾಗಿ ಒಂದೇ ಕೆ.ಬಿ.! ಹದಿನಾಲ್ಕು ಫೈಲುಗಳು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಒಂದೇ ತೂಕ ಇರುವುದನ್ನು ಯಾವ ಸ್ಟೋರ್‌ಕೀಪರ್ ಒಪ್ಪುತ್ತಾನೆ? ಇದು ವೈರಸ್ಸು. ಮಗಳ ಪಾಠಗಳನ್ನೆಲ್ಲ ತಿಂದು ಹದಿನಾಲ್ಕು ಮರಿ ಹಾಕಿ ಕೂತಿದೆ.

ತಂದವನು ಯಾರೆಂಬುದೂ ಆ ಕ್ಷಣದಲ್ಲೇ ಹೊಳೆಯಿತು. ಸರೋಜಳ ತಮ್ಮ ಮಂಜುನಾಥ. ವಯಸ್ಸು ಮೂವತ್ತೈದು ದಾಟಿದೆ, ಹಲಸೂರಿನಲ್ಲಿ ಸ್ವಂತ ಲೇತ್ ವರ್ಕ್‌ಶಾಪಿದೆ. ಆದರೂ ಭಾನುವಾರ ನಮ್ಮ ಮನೆಗೆ ಬಂದರೆ ಊಟಕ್ಕೂ ಮೊದಲು ಕಂಪ್ಯೂಟರಿನ ಮುಂದೆ ಕೂರುತ್ತಾನೆ.

ಸರೋಜ ಅಡುಗೆಮನೆಯಿಂದ ಬಂದು ನೋಡಿದಳು. “ಅದೇನೂಂತ ಒಂದ್ಸಲ ತೆಗೆದು ನೋಡ್ಬಾರ್ದಾ?” ಎಂದಳು.

ತೆಗೆದರೇ ಅದು ಹರಡುವುದು, ತೆಗೆಯಲಿ ಎಂದೇ ಅದು ಕಾಯುತ್ತಿರುವುದು ಎಂದು ಅವಳಿಗೆ ವಿವರಿಸಿದೆ. ಅವಳು ಒಗ್ಗರಣೆ ಹಾಕಲು ಒಳಗೆ ಹೋದಳು.

ಅಳಿಸುವ ಪ್ರೋಗ್ರಾಂ ತೆರೆದೆ. ಕ್ವಿಕ್ ಎರೇಸ್ ಬೇಕೋ ಫುಲ್ ಎರೇಸ್ ಬೇಕೋ ಎಂದು ಕೇಳಿತು. ಕ್ವಿಕ್ ಎಂದರೆ ಒಂದು ನಿಮಿಷ, ಫುಲ್ ಎಂದರೆ ಇಪ್ಪತ್ತೆರಡು ನಿಮಿಷವಂತೆ. ಒಂದು ನಿಮಿಷದಲ್ಲಿ ಆಗುವ ಕೆಲಸ ಯಾವತ್ತಾದರೂ ಸರಿಯಾಗಿ ಆಗಿದೆಯೇ? ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವಾಕೆ ಹತ್ತು ನಿಮಿಷ ತಿಕ್ಕಿದರೂ ಜಿಡ್ಡು ಉಳಿದಿರುತ್ತದೆ. ಫುಲ್ ಒತ್ತಿದೆ. ಪೂರ್ತಿ ಅಳಿಯುತ್ತದೆ, ನಿಜವಾಗಿಯೂ ಅಳಿಸಲೇ ಎಂದು ಕೇಳಿತು. ಇಷ್ಟೊಂದು ಹೆದರಿಸುವುದೂ ವೈರಸ್ಸಿನದೇ ಆಟವಿರಬೇಕು ಎನ್ನಿಸಿ ಹೌದು ಎಂದು ಜೋರಾಗಿ ಒತ್ತಿದೆ. ಇಪ್ಪತ್ತೆರಡು ನಿಮಿಷ ಕುರ್ಚಿ ಬಿಟ್ಟು ಏಳದೆ ಕಾವಲು ಕೂತೆ. ಡಿಸ್ಕು ತೊಳೆದ ತಟ್ಟೆಯಾಗಿ ಹೊರಬಂತು. ಅದರಲ್ಲಿ ಲಗ್ನಪತ್ರಿಕೆ ಹಾಕಿಕೊಂಡು, ಮಗಳ ಮದುವೆಯನ್ನು ದೊಡ್ಡ ಗಂಡಾಂತರದಿಂದ ಪಾರು ಮಾಡಿದ ತಂದೆಯ ಗತ್ತಿನಲ್ಲಿ ಸ್ಕೂಟರ್ ಒದ್ದೆ.

ಮರುದಿನ ಭಾನುವಾರ. ಪದಗಳನ್ನು ಒಮ್ಮೆ ಹಾಕಿ ಕೇಳೋಣ ಎಂದು ಸರೋಜ ಡಿಸ್ಕು ಕೇಳಿದಳು. ಒಂದನೆಯದರಲ್ಲಿ ಫೋಟೋ. ಎರಡರಲ್ಲಿ ಆಟ. ಮೂರರಲ್ಲಿ ಪ್ರೆಸ್ಸಿನಿಂದ ವಾಪಸು ತಂದಿದ್ದ ಲಗ್ನಪತ್ರಿಕೆ. ನಾಲ್ಕರಲ್ಲಿ ರೇಖಾಳ ಪಾಠಗಳು ಸುಖವಾಗಿದ್ದವು. ಐದು ಖಾಲಿ. ಐದನ್ನೂ ಎರಡೆರಡು ಸಲ ಹಾಕಿ ತೆಗೆದು ಮಾಡಿದೆ. ಎಲ್ಲೂ ದೊಡ್ಡಮ್ಮ ಇಲ್ಲ.

ಕದ್ದಿದ್ದಾರೆ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಮಂಜುನಾಥ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಚಪ್ಪಲಿ ಬಿಡಲೂ ಬಿಡದೆ ವಿಚಾರಣೆ ಶುರು ಮಾಡಿದೆ. ವೈರಸ್ಸು ತಂದದ್ದು, ಡಿಸ್ಕು ಒಯ್ದದ್ದು, ಎರಡು ಆರೋಪಗಳನ್ನೂ ಕ್ರಮವಾಗಿ ಮಂಡಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಹಣ್ಣನ್ನು ಮೇಜಿನ ಮೇಲಿಟ್ಟ.

“ಭಾವ, ಹಾಡಿನ್ ಸಿ.ಡಿ. ಹಾಕಿದ್ರೆ ಕಂಪ್ಯೂಟರಲ್ಲಿ ಕಾಣೋದೇ ಹಂಗೆ. ಟ್ರ್ಯಾಕ್ ಅಂತ ಹೆಸ್ರು, ಎಲ್ಲಾ ಒಂದೊಂದ್ ಕೆ.ಬಿ. ಹದಿನಾಲ್ಕಿತ್ತು ಅಂದ್ರಲ್ಲ, ಅದೇ ದೊಡ್ಡಮ್ಮನ್ ಪದ.”

ಅವನು ಸ್ವಲ್ಪ ಯೋಚಿಸಿ, “ಕ್ವಿಕ್ ಎರೇಸ್ ಮಾಡಿದ್ರೆ ಒಳಗೆ ಇನ್ನೂ ಇರತ್ತೆ. ನನ್ನ ಗೆಳೆಯನ ಹತ್ರ ಸಾಫ್ಟ್‌ವೇರಿದೆ, ತೆಗೆಸ್ಬಹುದು. ಯಾವ್ದು ಒತ್ತಿದ್ರಿ?” ಎಂದ.

ಸರೋಜ ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ರೇಖಾ ಅತ್ತಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೋಲ್ಟು ಎಣಿಸುವ ಬುದ್ಧಿಯಿಂದ, ಮೂರು ತಲೆಮಾರು ಕೇಳಿದ ದನಿಯನ್ನು ಕಾವಲು ಕೂತು ಅಳಿಸಿದ್ದೆ.

ಅಂದೇ ಹೊರಮಾವಿಗೆ ಹೋಗಿ ದೊಡ್ಡಮ್ಮನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಆಕೆ ಎಲೆಗೆ ಸುಣ್ಣ ಸವರುತ್ತ ಕೇಳಿ, “ಹದ್ನಾಲ್ಕೂನಾ?” ಎಂದು ಪಿಸುಗುಟ್ಟಿದಳು. ಹೌದೆಂದೆ. ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಸ್ಕೂಟರಿನ ಕಡೆ ನಡೆದಳು. “ನಾನ್ ಹೇಳ್ಕೊಡ್ತೀನಿ. ಅಳಿಸ್ದೋನು ನೀನು, ಹಾಡೋನೂ ನೀನೇ.”

ಹೀಗೆ ಮೂರು ದಿನ ಕಾರ್ಖಾನೆಗೆ ರಜೆ ಹಾಕಿ, ಮಂಜುನಾಥ ತಂದ ಮೈಕಿನ ಮುಂದೆ ನಾನು ಸೋಬಾನೆ ಹಾಡಿದೆ. ದೊಡ್ಡಮ್ಮ ಕಿವಿಯಲ್ಲಿ ಒಂದು ಸಾಲು ಪಿಸುಗುಟ್ಟುವುದು, ನಾನು ಅದನ್ನು ಗಟ್ಟಿಯಾಗಿ ಹೇಳುವುದು. ಬಳೆ ಪದ ಹಾಡುವಾಗ ಪಕ್ಕದ ಮನೆಯವರು ಬಂದು, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ನಾನು ತಪ್ಪಿದಾಗಲೆಲ್ಲ ಸರೋಜ ಬಾಗಿಲ ಬಳಿ ನಿಂತು, ದೊಡ್ಡಮ್ಮನ ಪಿಸುಮಾತನ್ನು ಆಲಿಸಿ ತಿದ್ದುತ್ತಿದ್ದಳು. ನಾನು ತಪ್ಪದ ಸಾಲು ಒಂದೂ ಇಲ್ಲವಾದ್ದರಿಂದ, ಮೂರನೆಯ ದಿನದ ಹೊತ್ತಿಗೆ ಹದಿನಾಲ್ಕೂ ಪದ ಅವಳಿಗೆ ಬಾಯಿಪಾಠವಾಗಿದ್ದವು. ಅವಳು ಎಣ್ಣೆ ಪದವನ್ನು ಮೆಲ್ಲಗೆ ಹಾಡಿ ತೋರಿಸಿದಾಗ ರೇಖಾ ಓಡಿಬಂದು ಅಮ್ಮನನ್ನು ಅಪ್ಪಿಕೊಂಡಳು. ದೊಡ್ಡಮ್ಮ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಅರಿಶಿನದ ದಿನ ಹಾಡುವವರು ಸಿಕ್ಕಿದ್ದರು.

ಅಷ್ಟರಲ್ಲಿ ಮಂಜುನಾಥ ನನ್ನ ಹಾಡನ್ನು ಡಿಸ್ಕಿಗೆ ಬರೆದು ಮುಗಿಸಿದ್ದ. ದೊಡ್ಡಮ್ಮ ಕೇಳಬೇಕೆಂದಳು. ಮೊದಲ ಪದದಿಂದ ಕೊನೆಯ ಪದದವರೆಗೆ ಮುಖ ಅಲುಗಿಸದೆ ಕೇಳಿದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. ಒಂದು ಒಳ್ಳೆಯ ಮಾತು ಬರಬಹುದೆಂದು ಬಗ್ಗಿ ಕಿವಿ ಕೊಟ್ಟೆ.

“ಆವತ್ತು ನಂದು ಅಳಿಸ್ದಲ್ಲ, ಎಲ್ಲಿ ಒತ್ತಿದ್ದೆ? ತೋರ್ಸು.”

ತೋರಿಸಿದೆ. ಕ್ವಿಕ್ ಸಾಕು ದೊಡ್ಡಮ್ಮ, ಒಂದೇ ನಿಮಿಷ ಎಂದು ಮಂಜುನಾಥ ಹೇಳಿದ. ಹಾಗೆ ಮಾಡಿದರೆ ಮುಂದೆ ಯಾರಾದರೂ ಇದನ್ನು ಮತ್ತೆ ಹೊರಗೆ ತೆಗೆಯಬಹುದೇ ಎಂದು ಆಕೆ ವಿಚಾರಿಸಿದಳು. ತೆಗೆಯಬಹುದು ಎಂದ.

“ಹಂಗಾದ್ರೆ ಬ್ಯಾಡ. ದೊಡ್ದನ್ನೇ ಒತ್ತು” ಎಂದು, ದೊಡ್ಡಮ್ಮ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು.